ನಲವತ್ತೊಂದನೆಯ ಕೈವಸ್ತ್ರ

ಫೆಬ್ರವರಿ ೪

ನಾದಿನಿಗೆ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಸಹಿಸಿಕೊ. ಹೋದ ವಾರ ಮೇಜುಹಾಸನ್ನು ಎತ್ತಿಕೊಂಡು ಮೆಟ್ಟಿಲು ಇಳಿಯುವಾಗ ಅದರ ಅಂಚನ್ನೇ ತುಳಿದು ಜಾರಿದೆ. ಬಲಗೈ ಮಣಿಕಟ್ಟು ಮುರಿದಿದೆ. ಎರಡು ತಿಂಗಳು ಪ್ಲಾಸ್ಟರ್, ಸೂಜಿ ಮುಟ್ಟುವ ಹಾಗಿಲ್ಲ.

ಮೇ ಹದಿನೆಂಟಕ್ಕೆ ಅತ್ತೆಗೆ ತೊಂಬತ್ತು. ನಿನ್ನ ತಾಯಿಯ ವಯಸ್ಸನ್ನು ನಾನು ನಿನಗೆ ಹೇಳಿಕೊಡಬೇಕಾಗಿಲ್ಲ. ಅವತ್ತು ಕೆಳಗೆ, ನಮ್ಮ ಹಳೇ ಲಾಂಡ್ರಿಯ ಇಸ್ತ್ರಿ ಕೋಣೆಯಲ್ಲಿ ನಲವತ್ತು ಜನಕ್ಕೆ ಊಟ. ಇಸ್ತ್ರಿ ಮೇಜುಗಳನ್ನೇ ಸಾಲಾಗಿ ಜೋಡಿಸಬೇಕಂತೆ. ಒಳ್ಳೆಯ ಮೇಜು ಬಾಡಿಗೆಗೆ ತರೋಣ ಎಂದರೆ, “ಐವತ್ತು ವರ್ಷ ಊರವರ ಬಟ್ಟೆ ಹೊತ್ತ ಮೇಜು ಒಂದು ದಿನ ನನ್ನ ತಟ್ಟೆ ಹೊರಲ್ವಾ?” ಎಂದರು. ಕಾಗದದ ಕೈವಸ್ತ್ರವೂ ಬೇಡವಂತೆ, ಬಾಯಿ ಒರೆಸಿದರೆ ತುಟಿಗೆ ಅಂಟುತ್ತದಂತೆ. ಸರಿ, ಬಟ್ಟೆಯದೇ ನಲವತ್ತು, ಪ್ರತಿಯೊಂದರ ಮೂಲೆಯಲ್ಲಿ ಹಸಿರು ದಾರದ ಒಂದು ಎಲೆ ಎಂದು ಒಪ್ಪಿಕೊಂಡೆ. ಹದಿನಾರು ಮುಗಿಸಿದ್ದೆ. ಅಷ್ಟರಲ್ಲಿ ಹೀಗಾಯಿತು.

ಕಸೂತಿ ಕಲಿಯಲು ಬರುವ ಹುಡುಗಿಯರಿಗೆ ಕೊಡೋಣವೆಂದರೆ ಅತ್ತೆ ಬಿಡುತ್ತಿಲ್ಲ. ಮನೆಯವರ ಕೈಯದೇ ಆಗಬೇಕಂತೆ. “ಅವಳು ಆಸ್ಪತ್ರೇಲಿ ಮನುಷ್ಯರನ್ನೇ ಹೊಲಿದೋಳು. ಬಟ್ಟೆ ಹೊಲಿಯಕ್ಕೆ ಬರಲ್ವಾ?” ಎಂದು ನಿನ್ನ ಕಡೆ ಬೆರಳು ತೋರಿಸಿದರು. ಉಳಿದ ಇಪ್ಪತ್ತನಾಲ್ಕನ್ನು ಬಸ್ಸಿನ ಪಾರ್ಸೆಲ್‌ನಲ್ಲಿ ಕಳಿಸಿದ್ದೇನೆ. ಎಲೆಯ ಗೆರೆ ಹಾಕಿದೆ. ಆಗುವುದಿಲ್ಲವೆಂದರೆ ಹಾಗೇ ವಾಪಸ್ ಕಳಿಸು.

ಇದು ಕೆಲಸದ ಕಾಗದ ಅಷ್ಟೇ, ಬೇರೆ ಏನನ್ನೂ ಇದರಲ್ಲಿ ಹುಡುಕಬೇಡ. ಫೋನೂ ಬೇಡ. ಆರು ವರ್ಷದಿಂದ ಮಾತು ಬಿಟ್ಟವರು ಫೋನು ಹಿಡಿದರೆ ಎರಡನೇ ಮಾತಿಗೇ ಜಗಳ. ಬಟ್ಟೆಯ ಜೊತೆ ಚೀಟಿ ಇಟ್ಟರೆ ಸಾಕು.

ಇಂತಿ,
ಅತ್ತಿಗೆ


ಫೆಬ್ರವರಿ ೧೧

ಅತ್ತಿಗೆಯವರಿಗೆ,

ಕಟ್ಟು ತಲುಪಿತು. ಬಿಳಿ ಕೈವಸ್ತ್ರ ಇಪ್ಪತ್ತನಾಲ್ಕು, ಮಾದರಿಗೆ ನೀವು ಹೊಲಿದದ್ದು ಒಂದು, ದಾರ ಮೂರು ಉಂಡೆ, ಸೂಜಿ ಎರಡು. ಎಣಿಸಿ ನೋಡಿದೆ, ಸರಿಯಿದೆ.

ಮಾಡುತ್ತೇನೆ. ಕಸೂತಿ ಬರುವುದಿಲ್ಲ. ಬರುವ ಹೊಲಿಗೆಯನ್ನೇ ಹಾಕುತ್ತೇನೆ.

ಪ್ಲಾಸ್ಟರಿನ ಹೊರಗಿರುವ ಬೆರಳ ಉಗುರನ್ನು ಒತ್ತಿ ಬಿಡಿ. ಬಿಳುಚಿದ್ದು ಎರಡು ಎಣಿಸುವಷ್ಟರಲ್ಲಿ ಕೆಂಪಾಗಬೇಕು. ಆಗದಿದ್ದರೆ ಪ್ಲಾಸ್ಟರ್ ಬಿಗಿಯಾಗಿದೆ ಎಂದರ್ಥ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಮರುದಿನಕ್ಕೆ ಬಿಡಬೇಡಿ.

ಅಮ್ಮ ಊಟಕ್ಕೆ ಬಾ ಎಂದು ಬರೆಸಿದ್ದರು. ಮನೆ ನಡೆಸುತ್ತಿರುವವರು ನೀವು, ನೀವು ಕರೆಯದೆ ಆ ಮೆಟ್ಟಿಲು ಹತ್ತುವುದಿಲ್ಲ ಎಂದು ಹೇಳಿದ್ದೇನೆ. ಕರೆಯಿರಿ ಎಂದು ನಾನು ಕೇಳುತ್ತಲೂ ಇಲ್ಲ.

ಇಂತಿ,
ನಾದಿನಿ


ಫೆಬ್ರವರಿ ೨೬

ನಾದಿನಿಗೆ,

ಮೊದಲ ಆರು ಬಂದವು. ಕಿಟಕಿಯ ಬಳಿ ಹರಡಿಕೊಂಡು ನೋಡಿದೆ. ಇದೇನು ತಾಯಿ, ನನ್ನ ಎಲೆಗಳಿಗೆ ಮೀಸೆ ಬಂದಿದೆ!

ಒಂದೊಂದು ಹೊಲಿಗೆಗೂ ಒಂದೊಂದು ಗಂಟು. ಒಂದೊಂದು ಗಂಟಿಗೂ ಉಗುರಿನಷ್ಟುದ್ದದ ಎರಡು ಬಾಲ. ಒಂದು ಎಲೆಯಲ್ಲಿ ಇಪ್ಪತ್ತೆರಡು ಹೊಲಿಗೆ, ಅಂದರೆ ನಲವತ್ತನಾಲ್ಕು ಬಾಲ. ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಗಂಟು ಕಾಣಬಾರದು ಎಂದು ಬೆರಳ ಗಿಣ್ಣಿಗೆ ಹೊಡೆದು ಕಲಿಸಿದವಳು ನಾನು. ಅತಿಥಿಗಳು ಬಾಯಿ ಒರೆಸಿಕೊಂಡರೆ ಕಚಗುಳಿಯಾಗಿ ಬಾಯಲ್ಲಿದ್ದುದು ಹೊರಗೆ ಬರುತ್ತದೆ. ದಾರವನ್ನು ತುಂಡರಿಸದೆ ಒಂದೇ ಓಟದಲ್ಲಿ ಸರಪಳಿ ಹೊಲಿಗೆ ಹಾಕುವುದಕ್ಕೆ ಅಲ್ಲವೇ ಮಾದರಿ ಕಳಿಸಿದ್ದು?

ಅತ್ತೆ ಕನ್ನಡಕ ಏರಿಸಿ ನೋಡಿ, “ಮೊಲದ ಮರಿ ಇದ್ದ ಹಾಗಿದೆ, ಹಾಗೇ ಬಿಡು” ಎಂದರು. ನಾನು ಬಿಡಲಿಲ್ಲ. ಎಡಗೈಯಲ್ಲಿ ಕತ್ತರಿ ಹಿಡಿದು ಎಲ್ಲ ಬಾಲಗಳನ್ನೂ ಕತ್ತರಿಸಿದೆ. ಒಂದು ಇಡೀ ಮಧ್ಯಾಹ್ನ ಹಾಳಾಯಿತು.

ಬೆರಳು ಒತ್ತಿ ನೋಡಿದೆ. ಎರಡು ಎಣಿಸುವ ಮೊದಲೇ ಕೆಂಪಾಗುತ್ತದೆ.

ಇಂತಿ,
ಅತ್ತಿಗೆ


ಮಾರ್ಚ್ ೬

ಅತ್ತಿಗೆಯವರಿಗೆ,

ಬಾಲ ಬಿಟ್ಟದ್ದು ಕೈಯ ಅಭ್ಯಾಸ, ಕ್ಷಮಿಸಿ. ಹತ್ತು ವರ್ಷ ಆಪರೇಷನ್ ಕೋಣೆ, ಇಪ್ಪತ್ತು ವರ್ಷ ಗಾಯದ ಕೋಣೆ. ಬಾಲ ಬಿಡದಿದ್ದರೆ ಹತ್ತನೇ ದಿನ ಹೊಲಿಗೆ ತೆಗೆಯುವವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಈ ಎಲೆಗಳ ಹೊಲಿಗೆಯನ್ನು ಯಾರೂ ತೆಗೆಯುವುದಿಲ್ಲ ಎಂಬುದು ನೀವು ಬರೆದ ಮೇಲೇ ಹೊಳೆಯಿತು. ಒಬ್ಬಳೇ ಕೂತು ನಕ್ಕೆ.

ಗಂಟು ಬೇರೆಬೇರೆ ಹಾಕುವುದಕ್ಕೂ ಕಾರಣವಿದೆ. ಒಂದೇ ದಾರದಲ್ಲಿ ಓಡಿಸಿದರೆ ಬೇಗ ಮುಗಿಯುತ್ತದೆ, ನೋಡಲು ಚಂದ. ಆದರೆ ಎಲ್ಲೋ ಒಂದು ಕಡೆ ತುಂಡಾದರೆ ಇಡೀ ಗಾಯ ಬಾಯಿಬಿಡುತ್ತದೆ. ಬಿಡಿಬಿಡಿಯಾಗಿ ಕಟ್ಟಿದರೆ ಒಂದು ಕೈಕೊಟ್ಟರೂ ಪಕ್ಕದ್ದು ಹಿಡಿದುಕೊಂಡಿರುತ್ತದೆ.

ಇನ್ನು ಮುಂದೆ ಬಾಲಗಳನ್ನು ಹಿಂಬದಿಗೆ ಎಳೆದು ಮಡಿಸುತ್ತೇನೆ. ಬಾಲ್ಕನಿಯಲ್ಲಿ ಕೂತು ಇಕ್ಕಳದಲ್ಲಿ ಸೂಜಿ ಹಿಡಿದು ಹೊಲಿಯುತ್ತೇನೆ, ಬೆರಳಲ್ಲಿ ಹಿಡಿದರೆ ನನಗೆ ಬರುವುದೇ ಇಲ್ಲ. ಎದುರು ಮನೆಯ ನಿವೃತ್ತ ಡ್ರೈವರ್ ನಿನ್ನೆ ಅಲ್ಲಿಂದಲೇ, “ಸಿಸ್ಟರ್, ಯಾರಿಗೆ ಏಟಾಯ್ತು?” ಎಂದು ಕೂಗಿದರು.

ಒಂದು ಮಾತು. ನೀವು ಕಳಿಸಿದ ಮಾದರಿಯನ್ನು ತಿರುಗಿಸಿ ನೋಡಿದೆ. ಮುಂಬದಿ ಯಾವುದು, ಹಿಂಬದಿ ಯಾವುದು ತಿಳಿಯಲಿಲ್ಲ. ಇಷ್ಟು ಚೊಕ್ಕಟವಾದ ಕೈಯನ್ನು ನಾನು ಒಬ್ಬರೇ ಒಬ್ಬ ಸರ್ಜನ್‌ನಲ್ಲಿ ನೋಡಿದ್ದೆ, ಅವರಿಗೂ ಹಿಂಬದಿ ನಿಮ್ಮಷ್ಟು ಬರುತ್ತಿರಲಿಲ್ಲ. ಅಣ್ಣ ನಿಮ್ಮನ್ನು ಹೊಗಳುವಾಗ ಹೆಂಡತಿಯ ಮೇಲಿನ ಮೋಹ ಎಂದುಕೊಳ್ಳುತ್ತಿದ್ದೆ. ಅವನು ಕಡಿಮೆಯೇ ಹೇಳಿದ್ದ.

ಇದರ ಜೊತೆ ಇನ್ನೂ ಆರು ಕೈವಸ್ತ್ರ, ನಿಮ್ಮ ಮಾದರಿ ಒಂದು. ಸೂಜಿ ಎರಡೂ ನನ್ನ ಹತ್ತಿರವೇ ಇವೆ. ಎಣಿಸಿದೆ.

ನಾದಿನಿ


ಮಾರ್ಚ್ ೨೪

ನಾದಿನಿಗೆ,

ನಿನ್ನೆ ಏನಾಯಿತು ಎಂದು ವಿವರವಾಗಿ ಬರೆಯುತ್ತೇನೆ. ಎಡಗೈಗೆ ಈಗ ಬರವಣಿಗೆ ಪಳಗಿದೆ, ನಿನ್ನ ದುರದೃಷ್ಟ.

ಬೆಳಗ್ಗೆ ಎದ್ದವರೇ ಅತ್ತೆ, ಮುಗಿದ ಕೈವಸ್ತ್ರಗಳನ್ನೆಲ್ಲ ತೊಳೆಯಬೇಕು ಎಂದರು. ಹೊಸ ಬಟ್ಟೆ, ಕಲೆಯಿಲ್ಲ, ಕೊಳೆಯಿಲ್ಲ, ಯಾಕೆ ಎಂದೆ. “ನೀರು ಕಾಣದ ಬಟ್ಟೇನ ನನ್ನ ಗಿರಾಕಿಗಳ ಮುಂದೆ ಇಡ್ತೀಯಾ? ಬರೋರಲ್ಲಿ ಅರ್ಧ ಜನ ನನ್ನ ಹತ್ರ ಬಟ್ಟೆ ಹಾಕಿದೋರು.” ಹಳೇ ಹಂಡೆ ಇಳಿಸಿದರು. ಕುದಿನೀರು, ಸೋಡಾ, ಮರದ ಕೋಲು. ಕುರ್ಚಿಯಲ್ಲಿ ಕೂತೇ ತಿರುಗಿಸಿದರು. ಆ ತೋಳು ತೊಂಬತ್ತರದ್ದು ಎಂದು ಯಾರೂ ಹೇಳುವ ಹಾಗಿಲ್ಲ. ನಾನು ಪ್ಲಾಸ್ಟರ್ ಕೈಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದೆ.

ಹಗ್ಗದ ಮೇಲೆ ಹರವಿದಾಗ ನೋಡುತ್ತೇನೆ, ನನ್ನ ಹದಿನಾರರಲ್ಲಿ ಮೂರಕ್ಕೆ ಎಲೆಯೇ ಇಲ್ಲ! ಸರಪಳಿಯ ಒಂದು ಕೊನೆ ಸಡಿಲವಾಗಿ ಪೂರ್ತಿ ಎಲೆ ಬರೀ ದಾರವಾಗಿ ನೇತಾಡುತ್ತಿತ್ತು. ನಿನ್ನ ಹನ್ನೆರಡೂ ಹಾಕಿದ್ದು ಹಾಕಿದ ಹಾಗೇ ಇದ್ದವು. ನಾನು ಬಾಲ ಕತ್ತರಿಸಿದ್ದೆನಲ್ಲ, ಅದರಲ್ಲಿ ಒಂದೇ ಒಂದು ಗಂಟು ಬಿಚ್ಚಿತ್ತು. ಅದೂ ನನ್ನ ಕತ್ತರಿಯ ತಪ್ಪು. ಪಕ್ಕದ್ದು ಅಲುಗಿರಲಿಲ್ಲ.

ಮೂವತ್ತು ವರ್ಷ ಕಸೂತಿ ಕಲಿಸಿದವಳ ಮೂತಿಗೆ ಅತ್ತೆ ಎರಡೂ ಬಟ್ಟೆ ಹಿಡಿದು, “ನೋಡು” ಎಂದರು. ನೋಡಿದೆ. ನನ್ನ ಹೊಲಿಗೆ ತೋರಿಸಲಿಕ್ಕೆ, ನಿನ್ನದು ಹಿಡಿಯಲಿಕ್ಕೆ. ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಸಂಜೆಯ ಹೊತ್ತಿಗೆ ಅದು ಹೋಗಿ ಹೆಮ್ಮೆಯಾಗಿತ್ತು. ಕಲಿಯುವ ಹುಡುಗಿಯರನ್ನು ಕರೆದು ನಿನ್ನ ಗಂಟು ತೋರಿಸಿ, “ಇದು ನನ್ನ ನಾದಿನಿ ಹಾಕಿದ್ದು” ಎಂದೆ. ಆರು ವರ್ಷದ ಮೇಲೆ ಆ ಶಬ್ದ ಬಾಯಿಗೆ ಬಂತು.

ಬಂದದ್ದಕ್ಕೇ ಕೇಳಿಬಿಡುತ್ತೇನೆ, ಇನ್ನು ತಡೆದುಕೊಳ್ಳಲಾರೆ. ನನ್ನ ಗಂಡ, ನಿನ್ನ ಅಣ್ಣ, ನಿನ್ನ ಆಸ್ಪತ್ರೆಯಲ್ಲಿ, ನಿನ್ನ ಕಣ್ಣೆದುರಿಗೆ ಮಲಗಿದ್ದರು. ನೀನು ನನಗೆ, “ಮನೆಗೆ ಹೋಗಿ ಊಟ ಮಾಡ್ಕೊಂಡು ಬನ್ನಿ ಅತ್ತಿಗೆ” ಎಂದೆ. ನಾನು ತಟ್ಟೆಯ ಮುಂದೆ ಕೂತಿದ್ದಾಗ ಅವರು ಹೋದರು. ಹೋಗುತ್ತಾರೆ ಎಂದು ನಿನಗೆ ಗೊತ್ತಿತ್ತು, ಗೊತ್ತಿದ್ದೂ ನನ್ನನ್ನು ಕಳಿಸಿದೆ ಎಂದು ಅವತ್ತು ನಾನು ಎಲ್ಲರೆದುರು ಕೂಗಿದೆ. ನೀನು ಇಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. ಯಾಕೆ ಕಳಿಸಿದೆ?

ಅತ್ತಿಗೆ


ಏಪ್ರಿಲ್ ೧೯

ಅತ್ತಿಗೆಯವರಿಗೆ,

ಉಳಿದ ಹನ್ನೆರಡನ್ನು ಚೀಟಿಯಿಲ್ಲದೆ ಕಳಿಸಿದೆ. ಮೂರು ಸಲ ಬರೆದು ಮೂರು ಸಲ ಹರಿದೆ. ಇದು ನಾಲ್ಕನೆಯದು.

ನನಗೆ ಗೊತ್ತಿರಲಿಲ್ಲ.

ಆಪರೇಷನ್ ಚೆನ್ನಾಗಿ ಆಗಿತ್ತು. ಅಣ್ಣ ನೀರು ಕೇಳಿದ, ತುಟಿ ಒದ್ದೆ ಮಾಡಿದೆ. ನೀವು ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ಗೋಡೆ ಹಿಡಿದು ನಿಂತಿದ್ದಿರಿ. ನಾನು ನಿಮ್ಮನ್ನೇ ನೋಡುತ್ತಿದ್ದೆ, ಅವನನ್ನಲ್ಲ. ಅವನ ಹಣೆಯ ಮೇಲೆ ಬೆವರು ಬಂದಿತ್ತು. ಬೇರೆ ಯಾರ ಹಣೆಯ ಮೇಲೆ ಆ ತಣ್ಣನೆಯ ಬೆವರು ಕಂಡಿದ್ದರೂ ಡಾಕ್ಟರನ್ನು ಕೂಗುತ್ತಿದ್ದೆ. ಅವನು ಅಣ್ಣ. ಚಿಕ್ಕಂದಿನಿಂದ ಇಸ್ತ್ರಿ ಕೋಣೆಯಲ್ಲಿ ಬೆವರುತ್ತಿದ್ದವನು. ಸೆಖೆ ಎಂದುಕೊಂಡು ಟವೆಲಿನಲ್ಲಿ ಒರೆಸಿದೆ. ನಿಮಗೆ ಊಟ ಮಾಡಿ ಬನ್ನಿ ಎಂದೆ.

ನೀವು “ಗೊತ್ತಿದ್ದೂ ಕಳಿಸಿದೆ” ಎಂದು ಕೂಗಿದಾಗ ಬಾಗಿಲಲ್ಲಿ ನನ್ನ ಜೊತೆಯ ನರ್ಸ್‌ಗಳೆಲ್ಲ ನಿಂತಿದ್ದರು. ಗೊತ್ತಿರಲಿಲ್ಲ ಎಂದರೆ, ಅಷ್ಟು ವರ್ಷ ನರ್ಸ್ ಕೆಲಸ ಮಾಡಿದವಳಿಗೆ ಸ್ವಂತ ಅಣ್ಣ ಹೋಗುತ್ತಿರುವುದು ಕಾಣಲಿಲ್ಲ ಎಂದಾಗುತ್ತಿತ್ತು. ಗೊತ್ತಿತ್ತು ಎಂದು ನೀವು ತಿಳಿದರೆ ಕಲ್ಲೆದೆಯವಳು ಎನ್ನಿಸಿಕೊಳ್ಳುತ್ತೇನೆ, ಕೆಲಸ ಬಾರದವಳು ಎನ್ನಿಸಿಕೊಳ್ಳುವುದಿಲ್ಲ. ಅದಕ್ಕೆ ಸುಮ್ಮನಿದ್ದೆ. ಆರು ವರ್ಷ ನಿಮ್ಮ ಸಿಟ್ಟಿನ ಹಿಂದೆ ಅಡಗಿ ಕೂತೆ.

ಎಲ್ಲರ ಗಾಯವನ್ನೂ ಎಣಿಸಿ ಮುಚ್ಚಿದವಳು ನಾನು. ಸೂಜಿ, ಹತ್ತಿ, ಇಕ್ಕಳ, ಒಂದೂ ಒಳಗೆ ಉಳಿಯಬಾರದು. ಇದೊಂದನ್ನು ಒಳಗೇ ಬಿಟ್ಟು ಹೊಲಿದುಬಿಟ್ಟೆ.

ಊಟಕ್ಕೆ ಕರೆಯಬೇಡಿ. ಅಮ್ಮನಿಗೆ ಏನಾದರೊಂದು ನೆಪ ಹೇಳುತ್ತೇನೆ.

ನಾದಿನಿ


ಏಪ್ರಿಲ್ ೨೮

ಮಗಳೇ,

ಅಕ್ಷರ ನಿನ್ನ ಅತ್ತಿಗೆಯ ಶಿಷ್ಯೆಯದು, ಮಾತು ನಂದು. ನಿನ್ನ ಕಾಗದ ಬಂತು. ಅವಳು ಓದಿದಳು, ಇಸ್ತ್ರಿ ಕೋಣೆಗೆ ಹೋಗಿ ಬಾಗಿಲು ಹಾಕ್ಕೊಂಡಳು. ಊಟಕ್ಕೆ ಕರೆದ್ರೆ ಹಸಿವಿಲ್ಲ ಅಂದಳು. ಏನು ಬರೆದೆ ಅಂತ ನಾನು ಕೇಳಿಲ್ಲ, ಅವಳು ಹೇಳಿಲ್ಲ.

ಪ್ಲಾಸ್ಟರ್ ತೆಗೆದ್ರು. ಕೈ ಒಣಗಿದ ಕಡ್ಡಿ ಹಾಗಿದೆ. ನಿನ್ನೆಯಿಂದ ಎಡಗೈಲಿ ಏನೋ ಹೊಲೀತಾ ಇದ್ದಾಳೆ. ನಾನು ಹತ್ರ ಹೋದ್ರೆ ಸೆರಗಲ್ಲಿ ಮುಚ್ಚಿಡ್ತಾಳೆ. ನಲವತ್ತೂ ಮುಗಿದಿದೆ, ಬಿಚ್ಚಿಹೋದ ಮೂರನ್ನ ನಿನ್ನ ಗಂಟು ಹಾಕಿಸಿ ಹುಡುಗಿಯರ ಕೈಲೇ ಸರಿಮಾಡಿಸಿದ್ದಾಳೆ. ಮನೆ ಕೈ ಅಂತ ನಾನೂ ಹಟ ಮಾಡಲಿಲ್ಲ. ಇನ್ನೇನು ಹೊಲಿಯೋದಿದೆ ಅವಳಿಗೆ?

ನನಗೆ ತೊಂಬತ್ತು. ನೆಪ ಹೇಳಿದ್ರೆ ಮುಖ ನೋಡದೇನೇ ಗೊತ್ತಾಗುತ್ತೆ.

ಅಮ್ಮ


ಮೇ ೮

ಪ್ರೀತಿಯ ನಾದಿನಿಗೆ,

ಇಷ್ಟು ದಿನ ಬರೆಯಲಿಲ್ಲ. ಮೊದಲು ಸಿಟ್ಟು ಬಂತು. ಆಮೇಲೆ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಆರು ವರ್ಷದಿಂದ ಅದಕ್ಕೆ ಒಂದು ಜಾಗ ಇತ್ತು, ನೀನು ಅದನ್ನೇ ಕಿತ್ತುಕೊಂಡೆ.

ಈಗ ನನ್ನದು ಕೇಳು. ಆ ಬೆವರನ್ನು ನಾನೂ ನೋಡಿದ್ದೆ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವಳು ನಾನು, ನನಗೂ ಏನೂ ಅನ್ನಿಸಲಿಲ್ಲ. ನೀನು ಮನೆಗೆ ಹೋಗಿ ಎಂದಾಗ ಹಿತವಾಯಿತು. ಹಸಿವಾಗಿತ್ತು, ಕಾಲು ಸೋತಿತ್ತು, ಆ ವಾಸನೆಯಿಂದ ಸ್ವಲ್ಪ ಹೊತ್ತು ಹೊರಗೆ ಹೋದರೆ ಸಾಕಾಗಿತ್ತು. ನೀನು ಹೇಳುವುದನ್ನೇ ಕಾಯುತ್ತಿದ್ದೆ ಎನ್ನಬೇಕು. ಅವರು ಹೋಗುವಾಗ ನಾನು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದೆ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ನಿನ್ನ ಮೇಲೆ ಕೂಗಿದ್ದು ಅದು ಯಾರಿಗೂ ಕೇಳಿಸಬಾರದು ಎಂದೇ ಇರಬೇಕು.

ನೀನು ನನ್ನ ಸಿಟ್ಟಿನ ಹಿಂದೆ ಅಡಗಿದ್ದರೆ ನಾನೂ ಅಲ್ಲೇ ಇದ್ದೆ. ಜಾಗ ಚಿಕ್ಕದು, ಹೇಗೋ ಇಬ್ಬರೂ ಒಬ್ಬರಿಗೊಬ್ಬರು ಕಾಣಲಿಲ್ಲ.

ಈ ಕಟ್ಟಿನಲ್ಲಿ ನಲವತ್ತೊಂದನೆಯ ಕೈವಸ್ತ್ರವಿದೆ. ನಾನೇ ಹೊಲಿದದ್ದು, ಎಡಗೈಯಲ್ಲಿ, ನಿನ್ನ ಹೊಲಿಗೆಯಲ್ಲಿ. ಒಂದು ಗಂಟು ಬಿಗಿಯಲು ಎಷ್ಟು ಕಷ್ಟ ಎಂದು ಈಗ ಗೊತ್ತಾಯಿತು. ಇಪ್ಪತ್ತನಾಲ್ಕು ಎಲೆಗಳಿಗೆ ಅದನ್ನು ನೀನು ಎಷ್ಟು ಸಲ ಬಿಗಿದೆ ಎಂದು ಲೆಕ್ಕ ಹಾಕಿ ಬೆರಗಾದೆ. ನನಗೆ ಆರು ಹೊಲಿಗೆಗೇ ಕೈ ಸೋತಿತು. ಎಲೆಯಂತೆ ಕಾಣುವುದಿಲ್ಲ, ಗಾಯದಂತೆಯೇ ಕಾಣುತ್ತದೆ. ಬಾಲಗಳನ್ನು ಕತ್ತರಿಸಿಲ್ಲ. ಹತ್ತನೇ ದಿನ ತೆಗೆಯಬೇಕಾದ ಹೊಲಿಗೆಗೆ ಆರು ವರ್ಷ ಆಗಿದೆ. ತೆಗೆಯುವುದು ನನಗೆ ಬರುವುದಿಲ್ಲ, ನಿನ್ನ ಕೆಲಸ ಅದು. ಕತ್ತರಿ ತೆಗೆದುಕೊಂಡು ಬಾ.

ಅವತ್ತು ನೀನು ನನಗೆ ಹೇಳಿದ್ದನ್ನೇ ಇವತ್ತು ನಾನು ನಿನಗೆ ಹೇಳುತ್ತಿದ್ದೇನೆ. ಮನೆಗೆ ಬಂದು ಊಟ ಮಾಡು.

ನಿನ್ನ ಅತ್ತಿಗೆ


ಮೇ ೧೩

ಪ್ರೀತಿಯ ಅತ್ತಿಗೆ,

ಹದಿನೆಂಟರ ಬೆಳಗಿನ ಮೊದಲ ಬಸ್ಸಿಗೆ ಟಿಕೆಟ್ ತೆಗೆದಿದ್ದೇನೆ.

ಹೊಲಿಗೆ ತೆಗೆಯುವಾಗ ನೋವಾಗುವುದಿಲ್ಲ ಎಂದು ಎಲ್ಲರಿಗೂ ಹೇಳಿ ಅಭ್ಯಾಸ. ನಿಮಗೆ ಹೇಳುವುದಿಲ್ಲ. ಸ್ವಲ್ಪ ನೋವಾಗುತ್ತದೆ.

ಕೈವಸ್ತ್ರ ಒಂದು, ಹೊಲಿಗೆ ಆರು, ಬಾಲ ಹನ್ನೆರಡು. ಎಣಿಸಿದೆ.

ನಿಮ್ಮ ನಾದಿನಿ


ಮೇ ೨೫

ಪ್ರೀತಿಯ ನಾದಿನಿಗೆ,

ನೀನು ಅಲ್ಲೇ ಇದ್ದೆ, ಆದರೂ ಬರೆಯುತ್ತೇನೆ. ನಾನು ಕೂತ ಕಡೆಯಿಂದ ಹೇಗೆ ಕಂಡಿತು ಎಂದು ನಿನಗೆ ಗೊತ್ತಿಲ್ಲವಲ್ಲ. ಬಲಗೈಯಲ್ಲಿ ಬರೆಯುತ್ತಿದ್ದೇನೆ. ಎಡಗೈ ಅಕ್ಷರವೇ ಚೆನ್ನಾಗಿತ್ತು ಎಂದು ಅತ್ತೆಯ ಅಭಿಪ್ರಾಯ.

ಆ ಕೋಣೆ ಅಷ್ಟು ಚಂದ ಕಂಡದ್ದು ನನ್ನ ಕಾಲದಲ್ಲಿ ಅದೇ ಮೊದಲು. ಉದ್ದದ ಬಿಳಿ ಹಾಸು, ನಲವತ್ತು ಹಸಿರು ಎಲೆ, ಕಿಟಕಿಯ ಬಿಸಿಲು. ಅತ್ತೆ ಮಾತ್ರ ತಮ್ಮ ಎದುರಿನ ಹಾಸನ್ನು ಮಡಿಸಿ, ಮೇಜಿನ ಮೇಲೆ ಇಸ್ತ್ರಿ ಸುಟ್ಟ ಗುರುತನ್ನು ಎಲ್ಲರಿಗೂ ತೋರಿಸಿದರು. “ಇದು ಬ್ಯಾಂಕ್ ಮ್ಯಾನೇಜರ್ ಪ್ಯಾಂಟು.” ಆ ಮ್ಯಾನೇಜರು ಎದುರಿಗೇ ಕೂತಿದ್ದರು, ಪಾಪ! ಬೇಕರಿಯವರ ಹೆಂಡತಿ ಎಲೆಯನ್ನು ಉಗುರಲ್ಲಿ ಎಳೆದೆಳೆದು ನೋಡಿ ಇದು ಎಲ್ಲಿಯ ಕಸೂತಿ ಎಂದು ಕೇಳಿದರು. ಗಾಯದ ಕೋಣೆಯದು ಎಂದೆ. ಅವರು ಅದೊಂದು ಊರಿನ ಹೆಸರು ಎಂದುಕೊಂಡಿರಬೇಕು.

ನೀನು ನನ್ನ ಪಕ್ಕ ಕೂತು ಚೀಲದಿಂದ ಕತ್ತರಿ ತೆಗೆದಾಗ ನನ್ನ ಕಿವಿಯೆಲ್ಲ ಬಿಸಿಯಾಯಿತು. ಇಷ್ಟು ಜನರ ನಡುವೆ ಬೇಡ ಎನ್ನಬೇಕೆಂದಿದ್ದೆ. ನೀನು ಯಾರನ್ನೂ ನೋಡಲಿಲ್ಲ. ತಟ್ಟೆಯನ್ನು ಸರಿಸಿ, ಜೊತೆಗೆ ತಂದಿದ್ದ ನಲವತ್ತೊಂದನೆಯದನ್ನು ಮಡಿಲಲ್ಲಿ ಹಾಸಿಕೊಂಡು, ಬಾಲವನ್ನು ಇಕ್ಕಳದಲ್ಲಿ ಎತ್ತಿ ಗಂಟಿನ ಕೆಳಗೆ ಕತ್ತರಿಸಿದೆ. ಎಷ್ಟು ಮೆತ್ತಗೆ ಎಳೆದೆ! ಬಟ್ಟೆಗೆ ನೋವಾಗುತ್ತದೆ ಎನ್ನುವ ಹಾಗೆ. ನಿನ್ನ ಕೈಯನ್ನು ನಾನು ಅಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ. ಅವರ ತುಟಿಗೆ ನೀರು ಒತ್ತಿದ್ದೂ ಹಣೆ ಒರೆಸಿದ್ದೂ ಇದೇ ಕೈ ಎಂದುಕೊಂಡೆ. ಕೊನೆಯಲ್ಲಿ ಅವರ ಹತ್ತಿರ ಇದ್ದದ್ದು ಈ ಕೈ ಎಂಬುದು ಸಮಾಧಾನ ಕೊಡಬಹುದೆಂದು ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ನೀನು ತಟ್ಟೆ ಹತ್ತಿರ ಎಳೆದುಕೊಂಡು ಊಟ ಮಾಡಿದೆ. ನಾನೂ ಮಾಡಿದೆ, ಎರಡನೇ ಸಲ ಬಡಿಸಿಕೊಂಡೆ. ನೀನೇ ಬಡಿಸಿದೆ.

ನಲವತ್ತೊಂದನ್ನೂ ತೊಳೆದು ಇಸ್ತ್ರಿ ಮಾಡಿ ಕಪಾಟಿನಲ್ಲಿಟ್ಟಿದ್ದೇನೆ. ನೀನು ಕತ್ತರಿಸಿದ ದಾರದ ಚೂರುಗಳನ್ನು ಚಿಕ್ಕ ತಟ್ಟೆಯಲ್ಲಿ ಸಾಲಾಗಿ ಇಟ್ಟಿದ್ದೆಯಲ್ಲ, ಅವನ್ನು ಮಾತ್ರ ಎಸೆಯಲು ಮನಸ್ಸು ಬರಲಿಲ್ಲ. ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಆರು ಇವೆ. ಎಣಿಸಿದೆ. ಒಂದೂ ಒಳಗೆ ಉಳಿದಿಲ್ಲ.

ನಿನ್ನ ಅತ್ತಿಗೆ